ಒಂದೇ ಒಂದು ದಿನ

ನವೋದಯ ಪರೀಕ್ಷೆಯ ಮಾಹಿತಿ ಪುಸ್ತಿಕೆಯಲ್ಲಿ ಒಂದು ಸಾಲಿದೆ. ಅದರ ಸಾರಾಂಶ ಇಷ್ಟು: ಮೂರು, ನಾಲ್ಕು, ಐದನೇ ಕ್ಲಾಸುಗಳಲ್ಲಿ ಮಗು ಪಟ್ಟಣದ ಶಾಲೆಯಲ್ಲಿ ಒಂದೇ ಒಂದು ದಿನ ಓದಿದ್ದರೂ ಅದು ಪಟ್ಟಣದ ಮಗು. ಗ್ರಾಮೀಣ ಕೋಟಾ ಇಲ್ಲ. ಅರ್ಜಿ ಹಾಕೋ ಮುಂಚೆ ಈ ಸಾಲನ್ನು ಎಷ್ಟು ಜನ ಅಪ್ಪ ಅಮ್ಮ ಓದಿರ್ತಾರೋ ಗೊತ್ತಿಲ್ಲ. ನಮ್ಮ ಅಕ್ಕ ಭಾವ ಓದಿದ್ದರು. ಓದಿ, "ನಮಗೇನ್ ಸಂಬಂಧ, ನಮ್ ಹುಡುಗಿ ಹಳ್ಳ್ಯಾಗೇ ಓದ್ಯಾಳಲ್ಲ" ಅಂತ ಮುಂದಕ್ಕೆ ಹೋಗಿದ್ದರು. ಅವರು ಅಂದಿದ್ದು ಸುಳ್ಳೂ ಅಲ್ಲ. ತಾಪತ್ರಯ ಇರೋದೇ ಅಲ್ಲಿ.

ಅಕ್ಕನ ಊರು ಔರಾದ್ ತಾಲೂಕಿನ ಒಂದು ಸಣ್ಣ ಹಳ್ಳಿ. ಮಗಳು ಅಲ್ಲಿನ ಸರ್ಕಾರಿ ಶಾಲೆ. 2025ರ ಜನವರಿ 18ರಂದು ಪರೀಕ್ಷೆ ಬರೆದಳು. ಗೊತ್ತಿಲ್ಲದವರಿಗೆ ಹೇಳ್ತೀನಿ, ಎರಡು ಗಂಟೆ, ಎಂಬತ್ತು ಪ್ರಶ್ನೆ, ನೂರು ಅಂಕ. ಅದರಲ್ಲಿ ಅರ್ಧ ಬುದ್ಧಿಶಕ್ತಿಯದು, ಅಂದರೆ ಬರೀ ಚಿತ್ರಗಳು. ನಾಲ್ಕರಲ್ಲಿ ಬೇರೆ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತೆ, ಮಡಚಿದ ಕಾಗದಕ್ಕೆ ತೂತು ಹಾಕಿ ಬಿಚ್ಚಿದರೆ ಏನಾಗುತ್ತೆ, ಇಂಥವು. ಉಳಿದರ್ಧದಲ್ಲಿ ಲೆಕ್ಕ ಮತ್ತು ಭಾಷೆ. ಬೀದರಿನ ನವೋದಯ ಇರೋದು ಬಸವಕಲ್ಯಾಣದ ಹತ್ತಿರ ನಾರಾಯಣಪುರದಲ್ಲಿ. ಇಡೀ ಜಿಲ್ಲೆಗೆ ಆರನೇ ಕ್ಲಾಸಿಗೆ ಹೆಚ್ಚೆಂದರೆ ಎಂಬತ್ತು ಸೀಟು. ಅದರಲ್ಲಿ ಮುಕ್ಕಾಲು ಪಾಲು ಹಳ್ಳಿ ಮಕ್ಕಳಿಗೆ, ಅದೂ ಬ್ಲಾಕ್ ಬ್ಲಾಕಿಗೆ ಹಂಚಿ. ಮೂರನೇ ಒಂದು ಭಾಗ ಹುಡುಗಿಯರಿಗೆ. ಇನ್ನೊಂದು ಮಾತು, ಆರನೇ ಕ್ಲಾಸಿನ ಈ ಪರೀಕ್ಷೆಯನ್ನು ಮಗು ಜೀವನದಲ್ಲಿ ಒಂದೇ ಸಲ ಬರೀಬೇಕು. ಫೇಲಾದರೆ ಮುಂದಿನ ವರ್ಷ ನೋಡೋಣ ಅನ್ನೋ ಹಾಗಿಲ್ಲ. ಒಂಬತ್ತಕ್ಕೋ ಹನ್ನೊಂದಕ್ಕೋ ಖಾಲಿ ಉಳಿದ ಸೀಟುಗಳಿಗೆ ಬೇರೆ ಪರೀಕ್ಷೆ ಇದೆ, ಅದು ಬೇರೆ ಕತೆ.

ಮಾರ್ಚ್‌ನಲ್ಲಿ ಫಲಿತಾಂಶ ಬಂತು. ಹುಡುಗಿ ಆಯ್ಕೆಯಾಗಿದ್ದಳು! ಅಕ್ಕ ಊರಿಗೆಲ್ಲ ಪೇಡೆ ಹಂಚಿದಳು. ನಮ್ಮ ಮನೆಗೂ ಅರ್ಧ ಕಿಲೋ ಬಂತು. ಆಮೇಲೆ ದಾಖಲೆ ಪರಿಶೀಲನೆ. ಅಲ್ಲಿ ಕಂಪ್ಯೂಟರಿನಲ್ಲಿ ಹುಡುಗಿಯ ಶಾಲಾ ದಾಖಲೆ ತೆಗೆದು ನೋಡಿದರೆ, ನಾಲ್ಕನೇ ಕ್ಲಾಸಿನ ಜೂನ್‌ನಿಂದ ಆಗಸ್ಟ್‌ವರೆಗೆ ಭಾಲ್ಕಿಯ ಒಂದು ಖಾಸಗಿ ಶಾಲೆಯ ಹೆಸರು. ಭಾಲ್ಕಿ ಪುರಸಭೆ ಇರೋ ಊರು, ಪಟ್ಟಣ. ಒಂದು ದಿನವೇ ಸಾಕು ಅನ್ನೋ ಕಡೆ ಮೂರು ತಿಂಗಳು!

ಆಗಿದ್ದು ಇಷ್ಟು. 2023ರ ಮೇ ತಿಂಗಳಲ್ಲಿ ಭಾವನಿಗೆ ಮಗಳನ್ನು ಭಾಲ್ಕಿಯಲ್ಲಿ ಓದಿಸೋ ಮನಸ್ಸಾಯಿತು. ಅವರ ತಂಗಿ ಅಲ್ಲಿರೋದು. ಹಳ್ಳಿಯ ಶಾಲೆಯಿಂದ ಟಿ.ಸಿ. ತಂದು, ಅಡ್ಮಿಷನ್ ದುಡ್ಡು ಕಟ್ಟಿ ಬಂದರು. ಶಾಲೆ ಶುರುವಾಗೋ ಎರಡು ದಿನ ಮುಂಚೆ ಅವರ ಅಪ್ಪನಿಗೆ ಲಕ್ವಾ ಹೊಡೀತು. ಆಸ್ಪತ್ರೆ, ಔಷಧಿ ಅಂತ ಕೈಯಲ್ಲಿದ್ದ ದುಡ್ಡೆಲ್ಲ ಹೋಯಿತು. ಹುಡುಗಿ ಭಾಲ್ಕಿಗೆ ಹೋಗಲೇ ಇಲ್ಲ. ಊರ ಶಾಲೆಗೇ ಹೋಗಿ ಎಂದಿನ ಜಾಗದಲ್ಲಿ ಕೂತಳು. ಹೆಡ್‌ಮಾಸ್ತರು, "ಟಿ.ಸಿ. ವಾಪಸ್ ತಂದ್ ಕೊಡ್ರಿ, ಅಲ್ಲೀತನಕ ಕುಂದರ್ಲಿ" ಅಂದರು. ಭಾಲ್ಕಿಯ ಶಾಲೆಯವರು ಬಾಕಿ ಫೀ ಕಟ್ಟಿ ಅಂತ ಟಿ.ಸಿ. ಇಟ್ಟುಕೊಂಡು ಕೂತರು. ಅದು ಕೈಗೆ ಬಂದಿದ್ದು ಆಗಸ್ಟ್‌ನಲ್ಲಿ. ಕಾಗದದ ಪ್ರಕಾರ ಹುಡುಗಿ ಊರ ಶಾಲೆಗೆ ಮತ್ತೆ ಸೇರಿದ್ದೂ ಆಗಲೇ.

ಅಕ್ಕ ಭಾವ ಹುಡುಗಿಯನ್ನು ಕರ್ಕೊಂಡು ಬೀದರಿಗೆ ನಮ್ಮ ಮನೆಗೆ ಬಂದರು. ಅರ್ಜಿ, ಮನವಿ ಏನೇ ಇದ್ದರೂ ನಮ್ಮ ಕುಟುಂಬದಲ್ಲಿ ಅದು ನನ್ನ ಪಾಲಿಗೇ ಬರೋದು. ಅಕ್ಕನ ಕಣ್ಣು ಊದಿಕೊಂಡಿತ್ತು. ಭಾವ ಗೋಡೆ ನೋಡ್ತಾ ಕೂತಿದ್ದರು. ಹುಡುಗಿ ಮಾತ್ರ ನನ್ನ ಪಕ್ಕ ಬಂದು ಮೆಲ್ಲಗೆ, "ಮಾಮಾ, ನಾ ಆ ಸಾಲಿ ನೋಡೇ ಇಲ್ಲ. ಅಲ್ಲಿ ಹೆಂಗ ಓದ್ದಂಗಾಯ್ತು?" ಅಂದಳು.

ಇದಕ್ಕಿಂತ ಚೆನ್ನಾಗಿ ಯಾವ ವಕೀಲನೂ ಕೇಳಲಾರ ಅನ್ನಿಸ್ತು. :-)

ಆ ರಾತ್ರಿ ಕೂತು ಪುಸ್ತಿಕೆಯನ್ನು ಸಾಲು ಸಾಲಾಗಿ ಓದಿದೆ. ಉತ್ತರ ಪತ್ರಿಕೆಯ ಮರುಮೌಲ್ಯಮಾಪನ ಇಲ್ಲ, ಮರುಎಣಿಕೆ ಇಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಅಂದರೆ ಮಗು ಆಯ್ಕೆಯಾಗದಿದ್ದರೆ, "ನನ್ನ ಮಗಳು ಜಾಣೆ, ಇನ್ನೊಮ್ಮೆ ನೋಡಿ" ಅಂತ ಕೇಳಿಕೊಳ್ಳೋದಕ್ಕೆ ಬಾಗಿಲೇ ಇಲ್ಲ. ಪರೀಕ್ಷೆ ಬರೆದವನಿಗೆ ತನ್ನ ಉತ್ತರ ಪತ್ರಿಕೆ ನೋಡೋ ಹಕ್ಕು ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಇದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ, ಸಿ.ಬಿ.ಎಸ್.ಇ.ಯ ಒಂದು ಕೇಸಿನಲ್ಲಿ. ನೋಡಬಹುದು ನಿಜ, ಆದರೆ ನೋಡೋದು ಬೇರೆ, ಮತ್ತೆ ತಿದ್ದಿಸೋದು ಬೇರೆ. ಮಗುವಿನ ಬುದ್ಧಿಯ ಬಗ್ಗೆ ಯಾರೂ ಮೇಲ್ಮನವಿ ಹಾಕೋಕಾಗಲ್ಲ. ಹಾಕೋಕಾಗೋದು ಕಾಗದದ ಬಗ್ಗೆ ಮಾತ್ರ. ನಮ್ಮ ಪುಣ್ಯಕ್ಕೆ ನಮ್ಮದು ಕಾಗದದ ತಕರಾರೇ.

ಈ ಒಂದು ದಿನದ ನಿಯಮ ಯಾಕೆ ಬಂತು ಅಂತ ನನಗೆ ಅರ್ಥವಾಗುತ್ತೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ನವೋದಯದ ಕಲ್ಪನೆ ಬಂದಿದ್ದೇ ಹಳ್ಳಿಯ ಪ್ರತಿಭಾವಂತ ಮಕ್ಕಳಿಗಾಗಿ. ಒಳ್ಳೆ ಶಾಲೆಗೆ ದುಡ್ಡಿಲ್ಲದ ಮನೆಯ ಮಗುವಿಗೆ ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲ ಕೊಟ್ಟು ಓದಿಸೋದು. ಈ ಗೆರೆ ಎಳೆಯದಿದ್ದರೆ ಪೇಟೆ ಮಕ್ಕಳೇ ಎಲ್ಲ ಸೀಟೂ ತುಂಬಿಬಿಡ್ತಿದ್ದರು. ಆದರೆ ಗೆರೆ ಎಳೆದ ಮೇಲೂ ನಡೆಯೋದೇನು? ನಮ್ಮ ಕಡೆ ಯಾರನ್ನು ಬೇಕಾದರೂ ಕೇಳಿ. ಹೆಸರು ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿ, ಹುಡುಗ ಮಾತ್ರ ವರ್ಷಪೂರ್ತಿ ಪೇಟೆಯ ಕೋಚಿಂಗ್ ಸೆಂಟರಿನ ಹಾಸ್ಟೆಲಿನಲ್ಲಿ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಅದೇ ಕನ್ನಡಿ ಚಿತ್ರ, ಅದೇ ತೂತಿನ ಕಾಗದ ಉರು ಹೊಡೆಸ್ತಾರೆ. ಪರಿಶೀಲನೆಗೆ ಬಂದಾಗ ಅವರ ಕಾಗದ ಹಾಲಿನಷ್ಟು ಬೆಳ್ಳಗಿರುತ್ತೆ. ಪೇಟೆಯಲ್ಲಿ ಓದಿ ಹಳ್ಳಿಯ ಕಾಗದ ತಂದವನು ಒಳಗೆ ಹೋದ. ಹಳ್ಳಿಯಲ್ಲೇ ಓದಿದ ನಮ್ಮ ಹುಡುಗಿ, ಪೇಟೆಯ ಕಾಗದ ಗಂಟು ಬಿದ್ದಿದ್ದಕ್ಕೆ ಹೊರಗೆ.

ಇನ್ನೂ ಒಂದು ತಮಾಷೆ ಇದೆ. ಪಟ್ಟಣ ಅಂದರೆ ಜನಗಣತಿಯೋ ಸರ್ಕಾರದ ಅಧಿಸೂಚನೆಯೋ ಪಟ್ಟಣ ಅಂದಿದ್ದು. ಔರಾದಿಗೆ ಪಟ್ಟಣ ಪಂಚಾಯಿತಿ ಇದೆ. ಹಾಗಾಗಿ ಔರಾದಿನ ಸರ್ಕಾರಿ ಶಾಲೆಯಲ್ಲಿ ಓದೋ ಕೂಲಿಯವರ ಮಗು ಪಟ್ಟಣದ ಮಗು. ಔರಾದ್ ನೋಡಿದವರಿಗೆ ಗೊತ್ತು, ಅಮರೇಶ್ವರನ ಜಾತ್ರೆಯ ಸಮಯ ಬಿಟ್ಟರೆ ಆ ಊರಿಗೆ ಪಟ್ಟಣದ ಗದ್ದಲ ಎಲ್ಲಿಂದ ಬರಬೇಕು! ರೈಲು ಕೂಡ ಬೀದರಿನಿಂದ ಭಾಲ್ಕಿ, ಕಮಲನಗರ, ಉದಗೀರ್ ಅಂತ ಹೋಗುತ್ತೆಯೇ ಹೊರತು ಔರಾದಿಗಿಲ್ಲ. ಆ ಮಗು ಬೀದರಿನ ಇಂಗ್ಲಿಷ್ ಮೀಡಿಯಂ ಮಕ್ಕಳ ಜೊತೆ ಉಳಿದ ಕಾಲು ಭಾಗದ ಸೀಟಿಗೆ ಗುದ್ದಾಡಬೇಕು. ಅದೇ ಔರಾದಿನಿಂದ ಎರಡು ಕಿಲೋಮೀಟರ್ ಆಚೆಯ ಊರಿನ ಮಗು ಗ್ರಾಮೀಣ. ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕು, ಒಪ್ಪಿದೆ. ಆದರೆ ಗೆರೆಯ ಈಚೆಗೆ ಆಚೆಗೆ ಹತ್ತು ವರ್ಷದ ಮಕ್ಕಳಿದ್ದಾರಲ್ಲ.

ಮನವಿ ಬರೆಯೋಕೆ ಕೂತಾಗ ಅಕ್ಕನದು ಒಂದೇ ಹಟ. ಹುಡುಗಿ ಎಷ್ಟು ಜಾಣೆ ಅಂತ ಬರಿ, ಕ್ಲಾಸಿಗೇ ಫಸ್ಟು ಅಂತ ಬರಿ, ಅಜ್ಜನಿಗೆ ದಿನಾ ಪೇಪರ್ ಓದಿ ಹೇಳ್ತಾಳೆ ಅಂತ ಬರಿ, ಎರಡೂವರೆ ಎಕರೆ ಬರೀ ಮಳೆ ನಂಬಿದ ಹೊಲ ಅಂತ ಬರಿ. ಎಲ್ಲಾ ನಿಜವೇ. ನಾನು ಯಾವುದನ್ನೂ ಬರೆಯಲಿಲ್ಲ. "ಅಕ್ಕಾ, ಜಾಣಿ ಅಂತ ಪರೀಕ್ಷಾದಾಗೇ ಗೊತ್ತಾಗ್ಯಾದ. ಅದಕ್ಕ ಯಾರೂ ಇಲ್ಲ ಅಂತಿಲ್ಲ. ಬರೀ ತಾರೀಖು ಬರಿಯಮು" ಅಂದೆ. ಅಕ್ಕನಿಗೆ ಸಿಟ್ಟು ಬಂತು. ತಾಯಿಗೆ ತಾರೀಖು ಯಾಕೆ ಬೇಕು!

ಒಂದೇ ಪುಟದ ಮನವಿ ಅದು. ಎರಡೇ ಅಂಶ. ಒಂದು, ನಿಯಮ ಹೇಳೋದು 'ಓದಿದ್ದರೆ' ಅಂತ, 'ಹೆಸರಿದ್ದರೆ' ಅಂತಲ್ಲ. ಹುಡುಗಿಯ ಹೆಸರು ಭಾಲ್ಕಿಯಲ್ಲಿತ್ತು, ಹುಡುಗಿ ಇರಲಿಲ್ಲ. ಎರಡು, ಗ್ರಾಮೀಣ ಕೋಟಾಕ್ಕೆ ಮೂರೂ ವರ್ಷ ಪೂರ್ತಿ ಹಳ್ಳಿಯ ಶಾಲೆಯಲ್ಲಿ ಓದಿರಬೇಕು, ಆ ಮೂರು ತಿಂಗಳೂ ಅವಳು ಊರ ಶಾಲೆಯಲ್ಲೇ ಕೂತಿದ್ದಳು. ಮೊದಲನೇದಕ್ಕಿಂತ ಎರಡನೇದು ಕಷ್ಟ. ಇಲ್ಲ ಅಂತ ತೋರಿಸೋದಕ್ಕಿಂತ ಇದ್ದಳು ಅಂತ ತೋರಿಸಬೇಕಿತ್ತು.

ಅದಕ್ಕೆ ಊರ ಶಾಲೆಗೇ ಹೋದೆ. ಬೀದರಿನಿಂದ ಸಂತಪುರದ ಮೇಲೆ ಔರಾದ್ ಬಸ್ಸು, ಅಲ್ಲಿಂದ ಟಂಟಂ. ಹೆಡ್‌ಮಾಸ್ತರು ನಿವೃತ್ತಿಗೆ ಹತ್ತಿರ ಬಂದವರು, ಸ್ವಲ್ಪ ಹೆದರಿದ್ದರು. ದಾಖಲಾತಿ ಇಲ್ಲದ ಮಗುವನ್ನು ಕೂರಿಸಿದ್ದು ತಮ್ಮ ತಪ್ಪಾಗುತ್ತೋ ಅಂತ. ನಾನು ಹೇಳಿದೆ, ಸರ್, ಬಂದ ಮಗುವನ್ನು ಹೊರಗೆ ಕಳಿಸಿದ್ದರೆ ಅದು ತಪ್ಪು, ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತೆ, ಟಿ.ಸಿ. ತಡವಾಯ್ತು ಅಂತ ಸೇರಿಸಿಕೊಳ್ಳದೆ ಇರೋ ಹಾಗಿಲ್ಲ ಅಂತ. 2009ರ ಕಾಯ್ದೆಯ ಐದನೇ ಕಲಮಿನಲ್ಲಿ ಅದಿದೆ. ಅವರ ಮುಖ ಸ್ವಲ್ಪ ಸಡಿಲವಾಯಿತು. ಬೀರು ತೆಗೆದರು.

ಹಾಜರಿ ಪುಸ್ತಕದಲ್ಲಿ ನಾಲ್ಕನೇ ಕ್ಲಾಸಿನ ಎಲ್ಲ ಹೆಸರು ಮುಗಿದ ಮೇಲೆ ಕೊನೆಯಲ್ಲಿ, ಕ್ರಮಸಂಖ್ಯೆ ಇಲ್ಲದೆ, ನಮ್ಮ ಹುಡುಗಿಯ ಹೆಸರು. ಜೂನ್ ಮೊದಲ ವಾರದಿಂದಲೇ. ಮಧ್ಯೆ ಮೂರು ದಿನ ಗೈರು, ಅಜ್ಜನನ್ನು ಆಸ್ಪತ್ರೆಯಿಂದ ಕರ್ಕೊಂಡು ಬಂದ ದಿನಗಳು. ಪಠ್ಯಪುಸ್ತಕ ಹಂಚಿದ ವಹಿಯಲ್ಲಿ ಅಕ್ಕನ ಸಹಿ ಇತ್ತು. ಜೊತೆಗೆ ಟೀಚರಮ್ಮನ ಮೊಬೈಲಿನಲ್ಲಿ ಜೂನ್ 21ರ ಯೋಗ ದಿನದ ಫೋಟೋ. ಮೊದಲ ಸಾಲಿನಲ್ಲಿ ಎಡಗಡೆಯಿಂದ ಎರಡನೆಯವಳು, ವೃಕ್ಷಾಸನ ಮಾಡ್ತಾ ಪಕ್ಕದವಳ ಮೇಲೆ ಬೀಳೋ ಹಾಗೆ ವಾಲಿಕೊಂಡು ನಿಂತಿದ್ದಾಳೆ. ಅವತ್ತೇ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಕಳಿಸಿದ್ದು, ತಾರೀಖು ಟೈಮು ಎಲ್ಲ ಇದೆ. ಸರ್ಕಾರ ಎಲ್ಲದಕ್ಕೂ ಫೋಟೋ ಕಳಿಸಿ ಅಂತ ಪ್ರಾಣ ತಿನ್ನುತ್ತೆ ಅಂತ ಮೇಷ್ಟ್ರುಗಳು ಬೈತಾರಲ್ಲ, ಅವತ್ತೊಂದು ದಿನ ನಾನು ಬೈಯಲಿಲ್ಲ.

ಆಮೇಲೆ ಭಾಲ್ಕಿ. ಭಾಲ್ಕಿಗೆ ಹೋದಾಗಲೆಲ್ಲ ನನಗೆ ಹಿರೇಮಠದ ಚನ್ನಬಸವ ಪಟ್ಟದ್ದೇವರು ನೆನಪಾಗ್ತಾರೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಪುಣ್ಯಾತ್ಮರು. ಬೋರ್ಡಿನಲ್ಲಿ ಇರೋದು ಒಂದು, ಒಳಗೆ ನಡೆಯೋದು ಇನ್ನೊಂದು ಅನ್ನೋದಕ್ಕೆ ನಮ್ಮ ಜಿಲ್ಲೆಯಲ್ಲಿ ಅಷ್ಟು ದೊಡ್ಡ ಪರಂಪರೆ ಇದೆ. ಅವರು ಮಕ್ಕಳಿಗಾಗಿ ಹಾಗೆ ಮಾಡಿದರು. ನಾನು ಹೋದ ಖಾಸಗಿ ಶಾಲೆಯ (ಹೆಸರು ಬೇಡ) ಹಾಜರಿ ಪುಸ್ತಕದಲ್ಲಿ ನಮ್ಮ ಹುಡುಗಿ ಆ ಮೂರು ತಿಂಗಳೂ ಹಾಜರು. ಒಂದು ದಿನವೂ ಗೈರಿಲ್ಲ! ಜೂನ್ 21ರಂದು ಅಲ್ಲೂ ಇದ್ದಾಳೆ, ಊರಲ್ಲಿ ವೃಕ್ಷಾಸನದಲ್ಲೂ ಇದ್ದಾಳೆ.

ಗುಮಾಸ್ತರಿಗೆ ಫೋಟೋ ತೋರಿಸಿದೆ. ಸುಮಾರು ಹೊತ್ತು ನೋಡಿದರು. "ನಾಳಿ ಬರ್ರಿ" ಅಂದರು. ಅಂಥ ನಾಳೆಗಳು ಮೂರಾದವು. ಅವರಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳೋಕೆ ನಾನು ಹೋಗಿರಲಿಲ್ಲ. ಹಾಗೆ ಕೇಳಿದ್ದರೆ ಇವತ್ತಿಗೂ ಕಾಗದ ಸಿಕ್ಕಿರುತ್ತಿರಲಿಲ್ಲ. ನಾಲ್ಕನೇ ಸಲ ಹೋದಾಗ ನಾನೇ ಒಂದು ಕರಡು ಬರಕೊಂಡು ಹೋದೆ: ದಾಖಲಾತಿ ಮಾತ್ರ ಆಗಿತ್ತು, ವಿದ್ಯಾರ್ಥಿನಿ ತರಗತಿಗೆ ಬಂದಿಲ್ಲ, ಪರೀಕ್ಷೆ ಬರೆದಿಲ್ಲ, ಹಾಜರಿ ನಮೂದು ಕಣ್ತಪ್ಪಿನಿಂದ ಆದದ್ದು. 'ಕಣ್ತಪ್ಪು' ಅನ್ನೋ ಪದ ನೋಡಿ ಅವರ ಮುಖ ಅರಳಿತು. ಕನ್ನಡದಲ್ಲಿ ಎಂಥೆಂಥ ಒಳ್ಳೆ ಪದಗಳಿವೆ ನೋಡಿ! ಲೆಟರ್‌ಹೆಡ್ ಮೇಲೆ ಟೈಪ್ ಮಾಡಿಸಿ ಸೀಲು ಹಾಕಿ ಕೊಟ್ಟರು.

ಇವೆರಡಕ್ಕೂ ಮೇಲಿನ ಕಚೇರಿಯ ರುಜು ಬೇಕಿತ್ತು. ಅಲ್ಲಿ ಹನ್ನೊಂದು ದಿನ ಹೋದವು. ಅದರ ಬಗ್ಗೆ ಬರೆಯೋದೇನಿಲ್ಲ, ಕಚೇರಿ ಕಂಡವರಿಗೆಲ್ಲ ಗೊತ್ತು. ಅಷ್ಟರಲ್ಲಿ ಭಾವ ಕೈಚೆಲ್ಲಿದ್ದರು. "ಬಿಡ್ರಿ, ಊರಾಗೇ ಓದ್ತಾಳ" ಅಂತ. ಅಕ್ಕ ಬಿಡಲಿಲ್ಲ. ತಾರೀಖು ಯಾಕೆ ಅಂತ ಸಿಟ್ಟಾಗಿದ್ದವಳೇ ಆ ಹನ್ನೊಂದು ದಿನದಲ್ಲಿ ಆರು ಸಲ ಹೋಗಿ ಬಾಗಿಲಲ್ಲಿ ಕೂತಳು, ಫೈಲು ಎದೆಗೆ ಒತ್ತಿಕೊಂಡು. ಎಲ್ಲ ಸೇರಿ ಒಂಬತ್ತು ಹಾಳೆ. ಗವಾನ್ ಮದರಸಾದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಮೂರು ಸೆಟ್ ಮಾಡಿಸಿ, ಒಂದು ಸೆಟ್ ನಾರಾಯಣಪುರಕ್ಕೆ ಕೈಯಾರೆ ಕೊಟ್ಟು ಸ್ವೀಕೃತಿ ತಗೊಂಡೆವು. ಇನ್ನೊಂದು, ಕರ್ನಾಟಕಕ್ಕೆ ಸೇರಿದ ಪ್ರಾದೇಶಿಕ ಕಚೇರಿ ಇರೋದು ಹೈದರಾಬಾದಿನಲ್ಲಿ, ಅಲ್ಲಿಗೆ ರಿಜಿಸ್ಟರ್ ಪೋಸ್ಟ್. ಮೂರನೇದು ಅಕ್ಕನ ಟ್ರಂಕಿನಲ್ಲಿ, ಮಗಳ ಜನ್ಮಪತ್ರಿಕೆಯ ಜೊತೆ ಇದೆ.

ಆ ದಿನಗಳಲ್ಲೇ ಔರಾದ್ ಬಸ್ಸಿನಲ್ಲಿ ಒಬ್ಬರು ಸಿಕ್ಕರು. ಸಂತಪುರದ ಕಡೆಯವರು, ಮರಾಠಿ ಬೆರೆತ ಕನ್ನಡ. ನನ್ನ ಕೈಯಲ್ಲಿದ್ದ ಫೈಲಿನ ಮೇಲೆ ನವೋದಯ ಅಂತ ಇದ್ದದ್ದು ನೋಡಿ ಮಾತಿಗೆಳೆದರು. "ನಮ್ ಹುಡುಗಿದೂ ವೇಟಿಂಗ್‌ನಾಗ ಅದ ರೀ. ಯಾರರ ಒಬ್ರು ಬಿಟ್ರ ನಮಗ ಸಿಗ್ತದ ಅಂದಾರ" ಅಂದರು. ನನಗೆ ಬಸ್ಸಿನ ಸೀಟು ಚುಚ್ಚತೊಡಗಿತು. ಸೀಟು ಹಂಚೋದು ಬ್ಲಾಕಿನ ಲೆಕ್ಕದಲ್ಲಿ. ಅವರದೂ ಔರಾದ್ ತಾಲೂಕು, ನಮ್ಮದೂ. ಅವರದೂ ಹುಡುಗಿ, ನಮ್ಮದೂ. ಖಾಲಿಯಾಗೋ ಆ ಒಂದು ಸೀಟು ನಮ್ಮದೇ ಇರಬಹುದು, ಇಲ್ಲದೆಯೂ ಇರಬಹುದು. ಅವರ ಹುಡುಗಿಯ ಕಾಗದದಲ್ಲಿ ಒಂದೂ ತಕರಾರಿಲ್ಲ. ನಮ್ಮ ಮನವಿ ಗೆದ್ದರೆ ಒಂದು ಕಡೆ ಅನ್ಯಾಯ ಸರಿಹೋಗುತ್ತೆ, ಇನ್ನೊಂದು ಮನೆಯಲ್ಲಿ ಫೋನು ಕಾಯ್ತಾ ಕೂತ ಮಗುವಿಗೆ ಫೋನು ಬರೋದೇ ಇಲ್ಲ.

ನಾನು ಅವರಿಗೆ ಹೇಳಿದೆ. ನಮ್ಮದೂ ಹೀಗೀಗೆ, ಅದಕ್ಕೇ ಓಡಾಡ್ತಿದ್ದೀನಿ ಅಂತ. ಅವರು ಕಿಟಕಿ ಆಚೆ ನೋಡ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ ಹುಡುಗಿ ಬರ್ದೇ ಪಾಸಾಗ್ಯಾಳಲ್ರಿ. ಆಕಿದು ಆಕಿಗೇ ಸಿಗ್ಲಿ" ಅಂದರು. ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಪರೀಕ್ಷೆ ಬರೆಸಿದ್ದೀರಾ ಅಂತ ಕೇಳಿದೆ. ಬರೆಸಿದ್ದರಂತೆ. ಆ ಸೀಟು ಹಂಚಿಕೆ ಹೇಗೆ ನಡೆಯುತ್ತೆ, ಯಾವ ಶಾಲೆ ಮೊದಲು ಬರೀಬೇಕು ಅಂತ ಸಂತಪುರ ಬರೋವರೆಗೂ ಹೇಳಿದೆ. ನಂಬರ್ ಕೊಟ್ಟು ಇಳಿದರು.

ಶಾಲೆ ಶುರುವಾಗೋ ಹೊತ್ತಿಗೆ ಅಕ್ಕನಿಗೆ ಫೋನು ಬಂತು. ಮೂಲ ದಾಖಲೆಗಳ ಸಮೇತ ಬನ್ನಿ ಅಂತ. ಹಾಜರಿ ಪುಸ್ತಕ ಹೊತ್ತುಕೊಂಡು ಹೆಡ್‌ಮಾಸ್ತರೂ ಬಂದರು, ಅವರೇ ಟಿಕೆಟ್ ತೆಗೆಸಿಕೊಂಡು. ಪರಿಶೀಲಿಸಿದವರು ಎರಡೂ ಕಾಗದ ಪಕ್ಕ ಪಕ್ಕ ಇಟ್ಟು ನೋಡಿ, ಹುಡುಗಿಯನ್ನೂ ಎರಡು ಮಾತು ಕೇಳಿದರು. ಭಾಲ್ಕಿಯ ಆ ಶಾಲೆ ಎಷ್ಟು ಮಹಡಿ ಇದೆಯಮ್ಮಾ ಅಂತ. "ನಾ ನೋಡಿಲ್ಲ ರೀ" ಅಂದಳಂತೆ. ಸೇರಿಸಿಕೊಂಡರು.

ಬಸ್ಸಿನವರಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವರಿಗೆ ಆಗಲೇ ಗೊತ್ತಾಗಿತ್ತು, ವೇಟಿಂಗ್ ಮುಂದೆ ಸರಿಯಲಿಲ್ಲ ಅಂತ. ಅವರ ಮಗಳು ಮೊರಾರ್ಜಿ ಶಾಲೆಯಲ್ಲಿದ್ದಾಳೆ. ಲೆಕ್ಕದಲ್ಲಿ ಬಲು ಚುರುಕಂತೆ. ಒಂಬತ್ತನೇ ಕ್ಲಾಸಿಗೆ ನವೋದಯದ ಪರೀಕ್ಷೆ ಬರೀಬಹುದು ಅಂತ ಹೇಳಿದ್ದೀನಿ. ಹೋದ ತಿಂಗಳು ಅದರ ಹಳೆ ಪ್ರಶ್ನೆಪತ್ರಿಕೆ ಸಿಗುತ್ತಾ ಅಂತ ಕೇಳಿ ಫೋನ್ ಮಾಡಿದ್ದರು. ಇನ್ನೂ ಹುಡುಕ್ತಿದ್ದೀನಿ, ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ.

ಇತ್ತ ಊರ ಶಾಲೆಯ ಹೆಡ್‌ಮಾಸ್ತರು, ಯಾರೇ ಟಿ.ಸಿ. ಕೇಳೋಕೆ ಬಂದರೂ ಮೊದಲು ಕುರ್ಚಿ ಹಾಕಿ ಕೂರಿಸಿ, ಕನ್ನಡಕ ಏರಿಸಿ, ಆ ಒಂದು ದಿನದ ಸಾಲನ್ನು ಗಟ್ಟಿಯಾಗಿ ಓದಿ ಹೇಳ್ತಾರಂತೆ. ಅದರ ಝೆರಾಕ್ಸ್ ಗೋಡೆಗೂ ಅಂಟಿಸಿದ್ದಾರೆ, ಬಿಸಿಯೂಟದ ಮೆನು ಪಕ್ಕದಲ್ಲಿ.